ಆರು ಗಂಟೆಯವರೆಗಿನ ಗುಟ್ಟು

ಹಲ್ಲುಜ್ಜುವಾಗ ಮೊಬೈಲು ನೋಡಬೇಡಿ ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು. ಅಂದು ಬೆಳಿಗ್ಗೆ ಆ ಒಂದು ಮಾತನ್ನು ಕೇಳಿದ್ದರೆ ಸಾಚಾನಿಗೆ ಮುಂದಿನ ಪಾಡು ಯಾವುದೂ ಬರುತ್ತಿರಲಿಲ್ಲ. ಬಾಯಿತುಂಬ ನೊರೆ, ಎಡಗೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಆಗಷ್ಟೇ ಬಂದಿಳಿದ ಒಂದು ಇ-ಮೇಲು. ಬರೆದವರು ‘ಕಡಲವ್ಯೂಹ’ದವರು.

ಕಡಲವ್ಯೂಹ ಎಂದರೆ ಮುಂದಿನ ತಿಂಗಳು ಬಿಡುಗಡೆಯಾಗಲಿದ್ದ ವಿಡಿಯೋ ಗೇಮು. ಗುಂಡು ಹಾರಿಸುತ್ತ ಓಡುವ ಆಟವಲ್ಲ, ಕೂತು ತಲೆ ಓಡಿಸುವ ಆಟ. ಹಡಗುಗಳ ದಂಡು ಕಟ್ಟಬೇಕು. ಗಾಳಿ ಯಾವ ಕಡೆಗಿದೆ, ಮಂಜು ಎಷ್ಟು ದಟ್ಟವಾಗಿದೆ, ಟ್ಯಾಂಕಿನಲ್ಲಿ ಎಣ್ಣೆ ಎಷ್ಟು ಉಳಿದಿದೆ ಎಂದು ನೋಡಿಕೊಂಡು ಶತ್ರುವಿನ ಬಂದರಿಗೆ ಯಾವ ಮೂಲೆಯಿಂದ ನುಗ್ಗುವುದೆಂದು ತೀರ್ಮಾನಿಸಬೇಕು. ಇದಕ್ಕಾಗಿ ಸಾಚಾ ಎಂಟು ತಿಂಗಳಿಂದ ಕಾದು ಕೂತಿದ್ದ. ಕಂಪನಿಯವರು ಬಿಟ್ಟಿದ್ದ ಒಂದೂವರೆ ನಿಮಿಷದ ತುಣುಕನ್ನು ಅವನು ಎಷ್ಟು ಸಲ ನೋಡಿದ್ದನೆಂದರೆ, ಅದರಲ್ಲಿ ಮೂರನೆಯ ಹಡಗಿನ ಹೊಗೆ ಗಾಳಿಗೆ ಎದುರಾಗಿ ಹೋಗುತ್ತಿದೆ ಎಂಬ ತಪ್ಪನ್ನು ಹಿಡಿದು ಅವರಿಗೇ ಬರೆದು ತಿಳಿಸಿದ್ದ. ಸ್ವತಃ ಅವನು ಹಡಗು ಹತ್ತಿದವನಲ್ಲ. ಒಮ್ಮೆ ದೋಣಿಯಲ್ಲಿ ಕೆರೆ ದಾಟುವಾಗ ಅರ್ಧ ದಾರಿಗೇ ಹೊಟ್ಟೆ ತೊಳಸಿ, ಉಳಿದರ್ಧ ದಾರಿಯನ್ನು ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತ ಕಳೆದಿದ್ದ.

ಇ-ಮೇಲಿನಲ್ಲಿ ಹೀಗಿತ್ತು: “ನೀವು ಮೊದಲ ಸುತ್ತಿಗೆ ಆಯ್ಕೆಯಾಗಿದ್ದೀರಿ. ಕೆಳಗಿರುವುದು ನಿಮ್ಮೊಬ್ಬರದೇ ಗುಟ್ಟಿನ ನಂಬರು. ಇಂದು ಸಂಜೆ ಆರು ಗಂಟೆಯವರೆಗೆ ಈ ನಂಬರನ್ನಾಗಲಿ ಆಟದ ಸುದ್ದಿಯನ್ನಾಗಲಿ ಯಾರಿಗೂ ಹೇಳಬೇಡಿ. ಮನೆಯವರಿಗೂ ಬೇಡ. ನಾವು ಗಮನಿಸುತ್ತಿರುತ್ತೇವೆ. ಆರು ಗಂಟೆಗೆ ನೂರು ಕಪ್ತಾನರ ಹೆಸರು ಹೊರಬೀಳುತ್ತದೆ. ಅವರಿಗೆ ಆಟ ಒಂದು ತಿಂಗಳು ಮೊದಲೇ ಸಿಗುತ್ತದೆ. ಆಟದ ಒಂದೊಂದು ಹಡಗಿಗೆ ಅವರು ಇಟ್ಟ ಹೆಸರೇ ಎಂದೆಂದಿಗೂ ಉಳಿಯುತ್ತದೆ.”

ಕೊನೆಯ ಸಾಲನ್ನು ಓದಿ ಸಾಚಾ ನೊರೆಯನ್ನು ನುಂಗಿಬಿಟ್ಟ. ಹಡಗಿಗೆ ಇಡಬೇಕಾದ ಹೆಸರು ಅವನಿಗೆ ಆ ಕ್ಷಣವೇ ಹೊಳೆದಿತ್ತು: ಹೆಂಡತಿಯದು. ಮದುವೆಯಾಗಿ ಹನ್ನೆರಡು ವರ್ಷವಾದರೂ ಅವಳ ಹೆಸರು ಎಲ್ಲಿಯೂ ಏರಿರಲಿಲ್ಲ. ಬಾಗಿಲ ಮೇಲಿನ ಫಲಕದಲ್ಲಿ ಇವನ ಹೆಸರು, ಗ್ಯಾಸಿನ ಪುಸ್ತಕದಲ್ಲಿ ಇವನ ಹೆಸರು, ಅವಳೇ ನಾಲ್ಕು ಅಂಗಡಿ ಅಲೆದು ಆರಿಸಿ ತಂದ ಫ್ರಿಜ್ಜಿನ ರಸೀತಿಯಲ್ಲೂ ಇವನ ಹೆಸರು. ಈಗ ಬೂದುಬಣ್ಣದ ಒಂದು ದೊಡ್ಡ ಯುದ್ಧನೌಕೆಯ ಮೂತಿಯ ಮೇಲೆ ಅವಳ ಹೆಸರು ಅಲೆ ಸೀಳಿಕೊಂಡು ಹೋಗುವುದನ್ನು ನೆನೆದು ಅವನ ಕಣ್ಣು ತುಂಬಿತು. ನೊರೆಯ ಬೆರಳಿನಲ್ಲೇ ‘ಒಪ್ಪಿದೆ’ ಎಂಬಲ್ಲಿ ಒತ್ತಿದ.

ಒತ್ತಿದ ಮೇಲೆ ತೊಡಕು ಅರಿವಾಯಿತು. ಬೇರೆಯವರಾದರೆ ಏನೋ ಒಂದು ಸುಳ್ಳು ಹೇಳಿ ಸಂಜೆಯವರೆಗೆ ತಳ್ಳುತ್ತಿದ್ದರು. ಸಾಚಾನಿಗೆ ಸುಳ್ಳು ಬರುತ್ತಿರಲಿಲ್ಲ. ನಾಲಿಗೆಯ ಮೇಲೆ ದೇವರು ಕೂತಿರುತ್ತಾನೆ, ಸುಳ್ಳಾಡಿದರೆ ಸದ್ದಿಲ್ಲದೆ ಎದ್ದುಹೋಗುತ್ತಾನೆ ಎಂದು ಅಜ್ಜಿ ಹೇಳಿದ್ದನ್ನು ಅವನು ನಲವತ್ತೊಂದನೆಯ ವಯಸ್ಸಿನಲ್ಲೂ ನಂಬಿದ್ದ. ಬೀದಿಯವರು ಅವನನ್ನು ಸಾಚಾ ಎನ್ನುತ್ತಿದ್ದದ್ದು ಅದಕ್ಕೇ. ಅಂತೂ ನಿಜ ಹೇಳುವ ಹಾಗಿಲ್ಲ, ಸುಳ್ಳು ಹೇಳಲಾರ. ಎರಡು ಗೋಡೆಗಳ ನಡುವೆ ಸಿಕ್ಕಿದ ಹಲ್ಲಿಯ ಹಾಗೆ ಅವನು ಬಚ್ಚಲಿನಿಂದ ಹೊರಗೆ ಬಂದ. ಹೆಂಡತಿ ಎದುರಿಗೇ ನಿಂತಿದ್ದಳು. ಅವನ ಕೈ ತಾನಾಗಿ ಮೊಬೈಲನ್ನು ಟವೆಲಿನೊಳಗೆ ತುರುಕಿತು.

“ಯಾರದು ಮೆಸೇಜು?”

“ಹೇಳೋ ಹಾಗಿಲ್ಲ.”

ಅವಳು ಸೌಟು ಕೆಳಗಿಟ್ಟಳು. “ಹೇಳೋ ಹಾಗಿಲ್ವಾ, ಹೇಳೋಕೆ ಇಷ್ಟ ಇಲ್ವಾ?”

“ಇಷ್ಟ ಇದೆ. ಹಾಗಿಲ್ಲ.”

“ಯಾವಾಗ ಹೇಳ್ತೀರ?”

“ಆರು ಗಂಟೆ ಮೇಲೆ.”

“ಆರು ಗಂಟೆಗೆ ಏನಾಗತ್ತೆ?”

“ನನ್ನ ಹೆಸರು ಬಂದರೂ ಬರಬಹುದು.”

“ಎಲ್ಲಿ?”

ಸಾಚಾ ಮೇಲಿನ ಫ್ಯಾನು ನೋಡಿದ. ಹೆಂಡತಿಯೂ ಫ್ಯಾನು ನೋಡಿದಳು. “ನಿಮ್ಮನ್ನ ಯಾರಾದ್ರೂ ಹೆದರಿಸ್ತಾ ಇದಾರಾ?” ಎಂದು ಮೆತ್ತಗೆ ಕೇಳಿದಳು.

‘ನಾವು ಗಮನಿಸುತ್ತಿರುತ್ತೇವೆ’ ಎಂಬ ಸಾಲು ನೆನಪಾಗಿ, ಇದು ಹೆದರಿಕೆಯೋ ಅಲ್ಲವೋ ಎಂದು ಅವನು ಪ್ರಾಮಾಣಿಕವಾಗಿ ಯೋಚಿಸತೊಡಗಿದ. ಆ ಯೋಚನೆ ಮುಗಿಯುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು. ತಿಂಡಿಯನ್ನು ನಿಂತೇ ತಿಂದು ಅವನು ಮೆಟ್ಟಿಲಿಳಿದ.

ಮೆಟ್ಟಿಲ ತಿರುವಿನಲ್ಲಿ ಮಹಡಿ ಮೇಷ್ಟ್ರು ಕಾದಿದ್ದರು. ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತರಾದವರು. ಈಗ ಬಿಡಿಸಲು ಲೆಕ್ಕಗಳಿಲ್ಲದೆ ಅಕ್ಕಪಕ್ಕದವರನ್ನು ಬಿಡಿಸುತ್ತಿದ್ದರು. ಇವನ ಹೆಂಡತಿ ಕಿಟಕಿಯಿಂದ ಕಿಟಕಿಗೆ ಆಗಲೇ ವಿಷಯ ದಾಟಿಸಿದ್ದಳು.

“ಏನಯ್ಯ, ಆರು ಗಂಟೆಗೆ ಏನೋ ಇದೆಯಂತೆ.”

“ಇದೆ ಮೇಷ್ಟ್ರೇ.”

“ಒಳ್ಳೇದೋ ಕೆಟ್ಟದ್ದೋ?”

“ಆರು ಗಂಟೆಗೆ ಗೊತ್ತಾಗತ್ತೆ.”

“ಪಟ್ಟೀಲಿ ಹೆಸರು ಬರತ್ತಂತೆ. ಆಸ್ಪತ್ರೆ ಪಟ್ಟಿನಾ? ನೋಡು, ನಾನು ಯಾರಿಗೂ ಹೇಳೋನಲ್ಲ. ನನ್ನ ಕಿವಿಗೆ ಬಿದ್ದದ್ದು ಅಲ್ಲೇ ಮಣ್ಣಾಗತ್ತೆ.”

ಮೇಷ್ಟ್ರ ಕಿವಿಗೆ ಬಿದ್ದದ್ದು ಅಲ್ಲೇ ಮೊಳೆತು ಮೂರು ಬೀದಿಗೆ ಬಳ್ಳಿ ಹಬ್ಬಿಸುತ್ತದೆಂದು ಸಾಚಾನಿಗೆ ಗೊತ್ತಿತ್ತು. ಆದರೆ ಅವತ್ತು ಅವನಿಗೆ ಬಂದ ಅನುಮಾನ ಬೇರೆ. ಇವರು ಇಷ್ಟು ಕೆದಕುತ್ತಿರುವುದು ಏಕೆ? ಕಂಪನಿಯವರು ಗಮನಿಸುತ್ತಿರುತ್ತೇವೆ ಎಂದಿದ್ದಾರೆ. ಗಮನಿಸಲು ಅವರಿಗೆ ಈ ಕಟ್ಟಡದಲ್ಲಿ ಒಬ್ಬರು ಬೇಕಾದರೆ ಮೇಷ್ಟ್ರಿಗಿಂತ ತಕ್ಕವರು ಎಲ್ಲಿ ಸಿಗಬೇಕು? ಸಾಚಾ ಅವರ ಮೇಲಂಗಿಯ ಗುಂಡಿಗಳನ್ನು ಒಂದೊಂದಾಗಿ ಕಣ್ಣಿಟ್ಟು ನೋಡಿದ. ಮೇಲಿನಿಂದ ಎರಡನೆಯದು ಉಳಿದವುಗಳಿಗಿಂತ ದೊಡ್ಡದಾಗಿತ್ತು, ಒಳಗೊಂದು ಕ್ಯಾಮೆರಾ ಅಡಗುವಷ್ಟು.

“ಈ ಗುಂಡಿ ಯಾವಾಗ ಹಾಕಿಸಿದ್ದು?” ಎಂದು ಕೇಳಿದ.

ಮೇಷ್ಟ್ರು ಒಂದು ಮೆಟ್ಟಿಲು ಹಿಂದೆ ಸರಿದರು. ಇವನು ಇಳಿದುಹೋದ ಮೇಲೆ ನೇರ ಅವನ ಮನೆಯ ಬಾಗಿಲು ತಟ್ಟಿ, “ಅಮ್ಮಾ, ಕಾಯಿಲೆ ತಲೆಗೇ ಹೋಗಿರೋ ಹಾಗಿದೆ,” ಎಂದರು.

ಸಾಚಾನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಒಳಗಿನ ಕತ್ತಲೆಕೋಣೆಯಲ್ಲಿ ಗಿರಾಕಿಯನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿ, ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು ಏರಿಸಿ, ಗಾಜು ಬದಲಿಸುತ್ತ “ಇದು ಚೆನ್ನಾಗಿ ಕಾಣತ್ತೋ, ಇದು ಚೆನ್ನಾಗಿ ಕಾಣತ್ತೋ” ಎಂದು ಕೇಳುವವನು ಅವನು. ಗಿರಾಕಿಯಿಲ್ಲದಾಗ ಮಖಮಲ್ಲಿನ ತಟ್ಟೆಯ ಮೇಲೆ ಗಾಜುಗಳನ್ನೇ ದಂಡು ಕಟ್ಟಿ ನಿಲ್ಲಿಸುತ್ತಿದ್ದ. ಉಬ್ಬು ಗಾಜು ಯುದ್ಧನೌಕೆ, ತಗ್ಗು ಗಾಜು ನೀರೊಳಗಿನ ಸಬ್‌ಮೆರೀನು.

ಅಂಗಡಿಯ ಎದುರಿಗೆ ಸಲೂನು. ಅಂದು ಅಲ್ಲಿ ಎಂದೂ ಇಲ್ಲದ ಜಂಗುಳಿ. ಕ್ಷೌರಕ್ಕೆ ಬಂದವರಂತೆ ಒಬ್ಬರೂ ಕಾಣಲಿಲ್ಲ, ಬೋಳುತಲೆಯವರೇ ಮೂವರಿದ್ದರು. ಎಲ್ಲರೂ ಮೊಬೈಲು ಹಿಡಿದು ಒಳಗೆ ಹೋಗುವುದು, ಕನ್ನಡಿಯನ್ನು ನೋಡುವುದು, ಏನೋ ಒತ್ತುವುದು, ನಗುತ್ತ ಹೊರಗೆ ಬರುವುದು. ಬಂದವರು ಒಮ್ಮೆ ಸಾಚಾನ ಕಡೆ ತಿರುಗಿ ನೋಡುವುದು. ಗಮನಿಸುವುದೆಂದರೆ ಇಷ್ಟೊಂದು ಜನರೇ?

ಸಲೂನಿನವನು ಬಾಗಿಲಿಗೆ ಬಂದು ಬಾಚಣಿಗೆ ಎತ್ತಿ ಕರೆದ. “ಅಣ್ಣಾ, ಬಾ ಇಲ್ಲಿ. ನಿನಗೆ ಬೇಕಾದ ವಿಷಯಾನೇ ಒಂದಿದೆ.”

“ನನಗೇನೂ ಹೇಳಬೇಡ ತಮ್ಮ.”

“ಹಾಗಲ್ಲಣ್ಣ, ಕಿವೀಲಿ ಹೇಳ್ತೀನಿ. ಒಂದು ನಂಬರು…”

ನಂಬರು ಎಂಬ ಮಾತು ಬಿದ್ದದ್ದೇ ಸಾಚಾ ಎರಡೂ ಕಿವಿ ಮುಚ್ಚಿಕೊಂಡು, ತಲೆ ತಗ್ಗಿಸಿ, ಅಂಗಡಿಯೊಳಕ್ಕೆ ನುಗ್ಗಿ ಬಾಗಿಲು ಹಾಕಿಕೊಂಡ. ಬಲೆ ಇಷ್ಟು ಹತ್ತಿರಕ್ಕೆ ಬಂತಲ್ಲ ಎಂದುಕೊಂಡ. ಆಮೇಲೆ ಇಡೀ ದಿನ ಅವನು ಆ ಕಡೆ ಕಣ್ಣು ಹಾಯಿಸಲಿಲ್ಲ.

ಒಳಗೆ ಯಜಮಾನಿ ಕೈಕಟ್ಟಿ ನಿಂತಿದ್ದರು. ಸೊಂಟದಲ್ಲಿ ಬೀಗದ ಕೈ ಗೊಂಚಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. “ನಿನ್ನ ಹೆಂಡತಿ ಫೋನ್ ಮಾಡಿದ್ಲು. ಆರು ಗಂಟೆಗೆ ಏನಿದೆ ಅಂತ ನನ್ನ ಕೇಳ್ತಾಳೆ. ನನಗೇನು ಗೊತ್ತು? ನೀನೇ ಹೇಳು.”

“ಹೇಳೋ ಹಾಗಿಲ್ಲ ಮೇಡಂ.”

“ಮೂಲೇಲಿ ಹೊಸ ಕನ್ನಡಕದ ಅಂಗಡಿ ಆಗಿದೆಯಲ್ಲ, ಅಲ್ಲಿಗೆ ಹೋಗ್ತಿದೀಯಾ?”

“ಖಂಡಿತ ಇಲ್ಲ.”

ಯಜಮಾನಿಯ ಮುಖ ಸ್ವಲ್ಪ ಸಡಿಲವಾಯಿತು. “ಬೇರೆ ಯಾರಿಗಾದ್ರೂ ಮಾತು ಕೊಟ್ಟಿದೀಯಾ?”

ಸಾಚಾ ಕಣ್ಣು ಮುಚ್ಚಿದ. ನಾಲಿಗೆಯ ಮೇಲೆ ಕೂತವನು ಅಲುಗದೆ ಕೂತಿದ್ದ. “ಕೊಟ್ಟಿದ್ದೀನಿ.”

“ಯಾವತ್ತು?”

“ಇವತ್ತು ಬೆಳಿಗ್ಗೆ. ಹಲ್ಲುಜ್ಜುವಾಗ.”

ಅವರು ಕೈ ಚಾಚಿ, ಬೆಲೆಬಾಳುವ ಗಾಜುಗಳ ಬೀರುವಿನ ಬೀಗದ ಕೈಯನ್ನು ಅವನಿಂದ ತೆಗೆದುಕೊಂಡರು. ಹದಿನಾಲ್ಕು ವರ್ಷ ಅವನ ಜೇಬಿನಲ್ಲಿದ್ದ ಬೀಗದ ಕೈ ಅದು. ಆಮೇಲೆ ಹಿತ್ತಲಿನ ಬಾಗಿಲಲ್ಲಿ ನಿಂತು ತಂಗಿಗೆ ಫೋನು ಮಾಡಿದರು. ತಂಗಿ ನಾದಿನಿಗೆ ಹೇಳಿದರು. ನಾದಿನಿ ಕನ್ನಡಕ ಕೊಂಡಿದ್ದು ಮೂಲೆಯ ಹೊಸ ಅಂಗಡಿಯಲ್ಲಿ.

ಮಧ್ಯಾಹ್ನ ಮೂರಕ್ಕೆ ಇಸ್ತ್ರಿ ಮುರಿಯದ ಅಂಗಿಯವನೊಬ್ಬ ಕಣ್ಣು ಪರೀಕ್ಷೆಗೆ ಬಂದ. ಕುರ್ಚಿಯ ಮೇಲೆ ಕೂತು ಫಲಕದ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಲ್ಲದೆ ಓದಿದ. ಅದರ ಕೆಳಗೆ ಇರುವೆ ಗಾತ್ರದಲ್ಲಿ ಅಚ್ಚಾಗಿದ್ದ ಪ್ರೆಸ್ಸಿನ ವಿಳಾಸವನ್ನೂ, ಪದ್ಯ ಮುಗಿದರೂ ರಾಗ ಬಿಡದ ವಾಚಕನಂತೆ, ಓದಿ ಮುಗಿಸಿದ.

“ನಿಮ್ಮ ಕಣ್ಣು ಚೆನ್ನಾಗೇ ಇದೆಯಲ್ಲ,” ಎಂದ ಸಾಚಾ.

“ಕಣ್ಣಿಗೇನಾಗಿದೆ? ನಾನು ಬಂದಿರೋದು ನಿಮ್ಮನ್ನ ನೋಡೋಕೆ.” ಅವನು ದನಿ ತಗ್ಗಿಸಿದ. “ಆರು ಗಂಟೆ ವಿಷಯ ನಮ್ಮವರಿಗೂ ಗೊತ್ತಾಗಿದೆ.”

ಬಂದೇಬಿಟ್ಟರು ಎಂದುಕೊಂಡ ಸಾಚಾ. ಕೈಯಲ್ಲಿದ್ದ ಗಾಜನ್ನು ತಟ್ಟೆಯ ಮೇಲಿಟ್ಟ.

“ಅವರು ನಿಮಗೆ ಏನು ಕೊಡ್ತೀವಿ ಅಂದಿದಾರೆ, ಅಷ್ಟು ಹೇಳಿ ಸಾಕು. ಅದಕ್ಕಿಂತ ಜಾಸ್ತಿ ನಾವು ಕೊಡ್ತೀವಿ.”

“ನೀವು ಏನು ಕೊಟ್ಟರೂ ನಾನು ಬಾಯಿ ಬಿಡಲ್ಲ. ಮಾತು ಕೊಟ್ಟಾಗಿದೆ. ಹೋಗಿ ನಿಮ್ಮವರಿಗೆ ಹಾಗೇ ಹೇಳಿ.”

“ಯೋಚನೆ ಮಾಡಿ. ಎ.ಸಿ. ಕೋಣೆ, ತಿರುಗೋ ಕುರ್ಚಿ…”

“ಹಡಗೇ ಕೊಟ್ಟರೂ ಇಲ್ಲ,” ಎಂದುಬಿಟ್ಟ ಸಾಚಾ. ಕೂಡಲೇ ನಾಲಿಗೆ ಕಚ್ಚಿಕೊಂಡ. ಬಂದವನು ಎದ್ದು ಹೊರಟಾಗ ಬಾಗಿಲವರೆಗೆ ಅವನ ಹಿಂದೆಯೇ ಹೋಗಿ, ತಡೆಯಲಾರದೆ ಪಿಸುಗುಟ್ಟಿದ: “ನಾನು ಪಾಸಾದ ಹಾಗೇನಾ?”

ಆ ಮನುಷ್ಯ ಮೂಲೆಯ ಹೊಸ ಅಂಗಡಿಯ ಮ್ಯಾನೇಜರು. ಪಾಸು ಫೇಲಿನ ವಿಷಯ ಅವನಿಗೆ ತಿಳಿಯಲಿಲ್ಲ. ಹೊರಗೆ ಕೂತಿದ್ದ ಯಜಮಾನಿಗೆ ಕೈಮುಗಿದು, “ಇವರಿಗೆ ನಮಗಿಂತ ನಿಮಗಿಂತ ದೊಡ್ಡ ಕಡೆಯಿಂದ ಏನೋ ಬಂದಿದೆ ಮೇಡಂ. ಹಡಗಿನ ಮಾತಾಡ್ತಿದಾರೆ,” ಎಂದು ಹೇಳಿ ಹೋದ.

ಯಜಮಾನಿ ಒಳಗೆ ಬಂದು ಮಖಮಲ್ಲಿನ ತಟ್ಟೆಯನ್ನು ನೋಡಿದರು. ಉಬ್ಬು ಗಾಜುಗಳು ಅರ್ಧಚಂದ್ರಾಕಾರದಲ್ಲಿ ನಿಂತಿದ್ದವು, ತಗ್ಗು ಗಾಜುಗಳು ಬಟ್ಟೆಯ ಮಡಿಕೆಯೊಳಗೆ ಅಡಗಿದ್ದವು. “ಮನೆಗೆ ಹೋಗು,” ಎಂದರು. “ನಾಳೆ ಬರಬೇಕೋ ಬೇಡವೋ ನಾನೇ ಹೇಳಿ ಕಳಿಸ್ತೀನಿ.”

ಅವರ ದನಿಯಲ್ಲಿ ಕೋಪವಿರಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಒಂದೇ ಮಾತು ಹೇಳಿದ್ದರೆ ಎಲ್ಲ ಬಗೆಹರಿಯುತ್ತಿತ್ತು. ಆದರೆ ಗಂಟೆ ನಾಲ್ಕಾಗಿತ್ತು. ಇನ್ನೆರಡು ಗಂಟೆ ತುಟಿ ಹೊಲಿದುಕೊಂಡರೆ ಹೆಂಡತಿಯ ಹೆಸರು ಕಡಲಿಗೆ ಇಳಿಯುತ್ತದೆ. ಅವನು ಸಲೂನಿನ ಕಡೆ ನೋಡದೆ, ಗೋಡೆಯ ಪಕ್ಕಕ್ಕೇ ನಡೆದು ಮನೆ ಸೇರಿದ.

ಮನೆಯಲ್ಲಿ ಸಭೆ ಸೇರಿತ್ತು. ಅತ್ತೆ ಎರಡು ಬಸ್ಸು ಬದಲಿಸಿ, ಬಟ್ಟೆಯ ಚೀಲ ಹಿಡಿದು ಬಂದಿದ್ದರು. ಮಹಡಿ ಮೇಷ್ಟ್ರು ಸಾಚಾನ ಕುರ್ಚಿಯಲ್ಲೇ ಕೂತು ಒಂದು ಹಾಳೆಯ ಮೇಲೆ ಅವನ ಬೆಳಗಿನಿಂದೀಚಿನ ನಡವಳಿಕೆಯನ್ನು ಒಂದು, ಎರಡು ಎಂದು ಬರೆದಿದ್ದರು. ಹೆಂಡತಿ ಗೋಡೆಗೊರಗಿದ್ದಳು. ಅತ್ತು ಊದಿದ ಕಣ್ಣು.

“ಅಳಿಯಂದಿರೇ,” ಎಂದರು ಅತ್ತೆ, “ದೇವರ ಮುಂದೆ ಕೂತು ಕೇಳ್ತಿದೀನಿ ಅಂದ್ಕೊಳ್ಳಿ. ಕಾಯಿಲೆನಾ?”

“ಇಲ್ಲ ಅತ್ತೆ.”

“ಕೆಲಸ ಹೋಯ್ತಾ?”

“ಬೆಳಿಗ್ಗೆ ಹೋಗಿರಲಿಲ್ಲ. ಈಗ ಗೊತ್ತಿಲ್ಲ.”

ಮೇಷ್ಟ್ರು ಅದನ್ನು ಬರೆದುಕೊಂಡರು.

“ಬೇರೆ ಯಾರಾದ್ರೂ…” ಅತ್ತೆಗೆ ಮಾತು ಮುಗಿಸಲಾಗಲಿಲ್ಲ. “ಹೆಂಗಸಾ?”

“ಹೆಂಗಸಿನ ವಿಷಯ ಅಲ್ಲವೇ ಅಲ್ಲ” ಎನ್ನಲು ಬಾಯಿ ತೆರೆದ ಸಾಚಾ ಥಟ್ಟನೆ ನಿಂತ. ಹಡಗಿಗೆ ಇಡಬೇಕೆಂದಿದ್ದದ್ದು ಹೆಂಗಸಿನ ಹೆಸರು ತಾನೆ? ಅಲ್ಲವೆಂದರೆ ಸುಳ್ಳಾದೀತು. “ಒಂದು ಲೆಕ್ಕದಲ್ಲಿ ಹೌದು,” ಎಂದ.

ಹೆಂಡತಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಗುಳಿ ಬಿದ್ದ ಸದ್ದು ಸಾಚಾನ ಎದೆಯಲ್ಲೇ ಬಿದ್ದಂತಾಯಿತು. ಅವನು ಬಾಗಿಲ ಬಳಿ ಹೋಗಿ ನಿಂತ. “ಇನ್ನೊಂದು ಗಂಟೆ ತಾಳ್ಕೋ,” ಎಂದ. ಆ ಬಾಗಿಲ ಮುಂದೆ ಅವನು ಕಳೆದ ಗಂಟೆಯಷ್ಟು ಉದ್ದದ ಗಂಟೆಯನ್ನು ಯಾವ ಗಡಿಯಾರವೂ ತೋರಿಸಿರಲಾರದು. ಮೇಷ್ಟ್ರು ಎದ್ದುಹೋಗುವ ಲಕ್ಷಣ ಕಾಣಲಿಲ್ಲ. ಅತ್ತೆ ಅವರಿಗೆ ಎರಡನೆಯ ಲೋಟ ಕಾಫಿ ಕೊಟ್ಟರು.

ಆರು ಹೊಡೆಯಿತು. ಮೊಬೈಲು ಮಿಸುಕಿತು. ಸಾಚಾ ಅದನ್ನು ತೆರೆದ.

“ಮಾನ್ಯರೇ, ನಿಮ್ಮ ನಂಬರು ಹೇಳಿಕೊಂಡು ಇಂದು ನಮ್ಮಲ್ಲಿ ಹೆಸರು ನೋಂದಾಯಿಸಿದವರು: ಸೊನ್ನೆ. ಗುಟ್ಟೆಂದು ಹೇಳಿದ ಸುದ್ದಿ ಡಂಗುರ ಹೊಡೆದದ್ದಕ್ಕಿಂತ ಬೇಗ ಹರಡುತ್ತದೆಂಬುದು ನಮ್ಮ ಅನುಭವ. ಅತಿ ಹೆಚ್ಚು ಜನರನ್ನು ಕರೆತಂದ ನೂರು ಮಂದಿಯನ್ನು ಕಪ್ತಾನರಾಗಿ ಆರಿಸಲಾಗಿದೆ. ಒಬ್ಬರನ್ನೂ ಕರೆತರದವರು ನೀವೊಬ್ಬರೇ. ನೀವು ಆರೋಗ್ಯವಾಗಿದ್ದೀರೆಂದು ನಂಬಿದ್ದೇವೆ.”

ಎರಡು ಸಲ ಓದಿದ. ಮೂರನೆಯ ಸಲ ಅಕ್ಷರಗಳು ಕಲಸಿಹೋದವು. ಆಗಲೇ ಬೀದಿಯಲ್ಲಿ ಶಿಳ್ಳೆ, ಚಪ್ಪಾಳೆ, ಗಲಾಟೆ. ಮೇಷ್ಟ್ರು ಕಿಟಕಿಯಿಂದ ಬಗ್ಗಿ ನೋಡಿ ಬಂದರು.

“ಏನೂ ಇಲ್ಲ, ನಮ್ಮ ಸಲೂನಿನವನು ಗೆದ್ದನಂತೆ. ಯಾವುದೋ ಹಡಗಿನ ಯುದ್ಧದ ಆಟ. ಬೆಳಿಗ್ಗೆಯಿಂದ ಕನ್ನಡಿ ಮೇಲೆ ಸಾಬೂನಿನ ನೊರೇಲಿ ನಂಬರು ಬರೆದು, ಗುಟ್ಟು ಗುಟ್ಟು ಅಂತ ಎಲ್ಲರಿಗೂ ಕೊಡ್ತಿದ್ದ. ನನಗೂ ಕೊಟ್ಟ. ನಾನೂ ಒತ್ತಿಬಂದೆ. ಹಡಗಿಗೆ ಹೆಂಡತಿ ಹೆಸರು ಇಟ್ಟನಂತೆ ಪುಣ್ಯಾತ್ಮ. ಆ ಹೆಣ್ಣುಮಗಳು ಬೀದೀಲಿ ನಿಂತು ಅಳ್ತಿದಾಳೆ.”

ಸಾಚಾ ಗೋಡೆ ಹಿಡಿದು ಕೂತ. ಈಗ ಹೇಳಲು ಅಡ್ಡಿಯಿರಲಿಲ್ಲ. ಮುಚ್ಚಿದ ಬಾಗಿಲಿಗೆ ಮುಖ ಮಾಡಿ ಎಲ್ಲವನ್ನೂ ಹೇಳಿದ: ಮೇಲು, ನಂಬರು, ಕೊಟ್ಟ ಮಾತು, ನೂರು ಕಪ್ತಾನರು. ಹೇಳಿ ಮುಗಿಸಿದಾಗ ಮೊದಲು ನಕ್ಕವರು ಮೇಷ್ಟ್ರು.

“ಅಯ್ಯಾ, ಇಡೀ ಬೀದಿಗೆ ಗೊತ್ತಿರೋದು ಗುಟ್ಟು ಹೇಗಾಗತ್ತೆ? ಬೇರೆ ಏನಾದ್ರೂ ಹೇಳು.”

“ಮೊಬೈಲಲ್ಲಿ ಬಂದಿದೆ ಮೇಷ್ಟ್ರೇ, ನೋಡಿ.”

ಮೇಷ್ಟ್ರು ಓದಿ ಅತ್ತೆಗೆ ಕೊಟ್ಟರು. ಅತ್ತೆ ಕನ್ನಡಕ ಏರಿಸಿ ನಿಧಾನವಾಗಿ ಓದಿದರು. “ಮೇಲು ನಿಜ ಇರಬಹುದು,” ಎಂದರು, “ಆದರೆ ಒಂದು ಆಟಕ್ಕೋಸ್ಕರ ಯಾರಾದ್ರೂ ಕೆಲಸ ಕಳ್ಕೊಂಡು, ಹೆಂಡತೀನ ಅಳಿಸಿ, ನನ್ನ ಎರಡು ಬಸ್ಸು ಹತ್ತಿಸ್ತಾರಾ? ಅಸಲು ವಿಷಯ ಮುಚ್ಚೋಕೆ ಇದನ್ನ ಮುಂದಿಡ್ತಿದಾರೆ ಅಷ್ಟೇ.” ಮೇಷ್ಟ್ರು ತಲೆದೂಗಿ ಹಾಳೆಯ ಕೊನೆಯಲ್ಲಿ ಅದನ್ನೂ ಬರೆದುಕೊಂಡರು.

ಅಗುಳಿ ಸರಿಯಿತು. ಹೆಂಡತಿ ಬಾಗಿಲಲ್ಲಿ ನಿಂತಳು. ಅತ್ತು ಮೂಗು ಕೆಂಪಾಗಿತ್ತು. ಅವನ ಮುಖವನ್ನೇ, ಹಳೆಯ ಪರಿಚಯದವರನ್ನು ದೂರದಿಂದ ಗುರುತು ಹಿಡಿಯುವವಳಂತೆ, ಸ್ವಲ್ಪ ಹೊತ್ತು ನೋಡಿದಳು.

“ನಿಮ್ಮ ಹೆಸರು ಬಂದಿದ್ರೆ, ಹಡಗಿಗೆ ಏನು ಹೆಸರು ಇಡ್ತಿದ್ರಿ?”

“ನಿನ್ನದೇ.”

ಬೀದಿಯಿಂದ ಮತ್ತೊಂದು ಸುತ್ತು ಚಪ್ಪಾಳೆ ಕೇಳಿಸಿತು. ಅವಳು ಕಿಟಕಿಯ ಕಡೆ ನೋಡಿದಳು, ಅವನ ಕಡೆ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹನ್ನೆರಡು ವರ್ಷದಲ್ಲಿ,” ಎಂದಳು, “ನೀವು ಹೇಳಿದ ಮೊದಲನೇ ಸುಳ್ಳು ಇದು.”